ಬ್ಯಾಕಪ್ ಮತ್ತು ಸಿಂಕ್: ಎರಡು ವಂಶಗಳ ಇತಿಹಾಸ

ಕಂಪ್ಯೂಟರಿನ ಮಾಹಿತಿಯನ್ನು ನಕಲು ಮಾಡಿಡುವ ನಿಯಮಗಳು ಮೊದಲು ರೂಪುಗೊಂಡದ್ದು ಕಾಂತೀಯ ಟೇಪಿನ ಮೇಲೆ. 1951ರ ಯೂನಿವ್ಯಾಕ್ ಯಂತ್ರದಲ್ಲಿ, ಮರುವರ್ಷ ಐಬಿಎಂನ 726 ಘಟಕದಲ್ಲಿ ಟೇಪು ಬಳಕೆಗೆ ಬಂತು. ಒಂದೇ ಟೇಪಿನ ಮೇಲೆ ದಿನವೂ ಅಳಿಸಿ ಬರೆಯುತ್ತ ಹೋದರೆ, ಮೂಲದಲ್ಲಿ ನುಸುಳಿದ ತಪ್ಪು ನಕಲಿಗೂ ಇಳಿದು ಸರಿಯಾದ ಪ್ರತಿಯೇ ಉಳಿಯುವುದಿಲ್ಲ. ಹಾಗಾಗಿ ದಿನದ, ವಾರದ, ತಿಂಗಳ ಟೇಪುಗಳನ್ನು ಬೇರೆ ಬೇರೆ ಇಟ್ಟು ಸರದಿಯಂತೆ ಬಳಸುವ ಕ್ರಮ ರೂಢಿಗೆ ಬಂತು. ಅದಕ್ಕೆ ‘ಅಜ್ಜ–ಅಪ್ಪ–ಮಗ’ ಪದ್ಧತಿ ಎಂದೇ ಹೆಸರಾಯಿತು. 1970ರ ದಶಕದಲ್ಲಿ ಯುನಿಕ್ಸ್‌ನ ಡಂಪ್ ಆದೇಶ ಇದಕ್ಕೆ ಲೆಕ್ಕದ ರೂಪ ಕೊಟ್ಟಿತು: 0 ಮಟ್ಟದಲ್ಲಿ ಎಲ್ಲದರ ನಕಲು, ಮುಂದಿನ ಪ್ರತಿ ಮಟ್ಟದಲ್ಲೂ ತನಗಿಂತ ಕೆಳಗಿನ ಮಟ್ಟದ ನಕಲಾದ ಮೇಲೆ ಬದಲಾದ ಫೈಲುಗಳು ಮಾತ್ರ. ಎಷ್ಟು ದಿನಕ್ಕೊಮ್ಮೆ ನಕಲು, ಯಾವುದನ್ನು ಎಷ್ಟು ಕಾಲ ಇಡಬೇಕು ಎಂದು ಇಂದಿನ ಕ್ಲೌಡ್ ಬ್ಯಾಕಪ್ ತಂತ್ರಾಂಶ ಕೇಳುವ ಪ್ರಶ್ನೆಗಳು ಈ ಟೇಪು ಕೋಣೆಗಳಲ್ಲಿ ಹುಟ್ಟಿದವು.

ಸಿಂಕ್‌ನದು ಬೇರೆಯೇ ವಂಶ. ಬ್ಯಾಕಪ್ ನಿನ್ನೆಯದನ್ನು ಉಳಿಸಲು ಹುಟ್ಟಿದರೆ, ಸಿಂಕ್ ಹುಟ್ಟಿದ್ದು ಎಲ್ಲ ಯಂತ್ರಗಳಲ್ಲೂ ಇಂದಿನದೇ ಇರಲಿ ಎಂದು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ 1987ರಲ್ಲಿ ಆರಂಭವಾದ ಕೋಡಾ ಯೋಜನೆ ಇದರಲ್ಲಿ ಬಹು ಮುಖ್ಯವಾದದ್ದು. ಅದನ್ನು ಮುನ್ನಡೆಸಿದವರು ಮದ್ರಾಸ್ ಐಐಟಿಯಲ್ಲಿ ಓದಿದ ಎಂ. ಸತ್ಯನಾರಾಯಣನ್. ಜಾಲದ ಸಂಪರ್ಕ ಕಡಿದಾಗಲೂ ಕೆಲಸ ನಿಲ್ಲಬಾರದೆಂಬುದು ಕೋಡಾದ ಗುರಿ. ತನಗೆ ಬೇಕೇ ಬೇಕಾದ ಫೈಲುಗಳ ಪಟ್ಟಿಯನ್ನು ಬಳಕೆದಾರ ಆದ್ಯತೆಯ ಅಂಕಿಗಳೊಡನೆ ಮೊದಲೇ ಬರೆದಿಡಬೇಕಿತ್ತು. ಸಂಪರ್ಕವಿಲ್ಲದಾಗ ಮಾಡಿದ ಬದಲಾವಣೆಗಳೆಲ್ಲ ಒಂದು ದಾಖಲೆಯಲ್ಲಿ ಸೇರಿ, ಸಂಪರ್ಕ ಮರಳಿದ ಮೇಲೆ ಸರ್ವರಿಗೆ ಅನ್ವಯವಾಗುತ್ತಿದ್ದವು. ಯಾವ ಫೋಲ್ಡರ್ ಸಾಧನದಲ್ಲೇ ಇರಬೇಕು ಎಂದು ಇಂದು ಗುರುತು ಹಾಕುವುದು ಕೋಡಾದ ಆ ಪಟ್ಟಿಯ ಮುಂದುವರಿಕೆಯೇ ಸರಿ. ಒಂದೇ ಫೈಲನ್ನು ಇಬ್ಬರು ಬೇರೆ ಬೇರೆ ಕಡೆ ತಿದ್ದಿದ್ದರೆ ಗತಿಯೇನು? 1989ರಲ್ಲಿ ಮಾರುಕಟ್ಟೆಗೆ ಬಂದ ಲೋಟಸ್ ನೋಟ್ಸ್ ಯಾವ ಪ್ರತಿಯನ್ನೂ ಎಸೆಯದೆ ಎರಡನ್ನೂ ಇಟ್ಟುಕೊಂಡು, ತೀರ್ಮಾನವನ್ನು ಬಳಕೆದಾರರಿಗೆ ಬಿಡುತ್ತಿತ್ತು. ಕೊನೆಗೆ ತಿದ್ದಿದ್ದೇ ಸರಿ ಎಂಬ ಸುಲಭ ನಿಯಮಕ್ಕಿಂತ ಇದು ಹೆಚ್ಚು ಪ್ರಾಮಾಣಿಕ. ಎರಡು ಯಂತ್ರಗಳ ಗಡಿಯಾರಗಳು ಕರಾರುವಾಕ್ಕಾಗಿ ಹೊಂದಿಕೊಳ್ಳುತ್ತವೆ ಎಂದು ನಂಬುವಂತಿಲ್ಲವಲ್ಲ.

ದೂರದ ಯಂತ್ರಕ್ಕೆ ಇಡೀ ಫೈಲನ್ನು ಮತ್ತೆ ಮತ್ತೆ ಕಳಿಸುವ ಹೊರೆಯನ್ನು ಇಳಿಸಿದ್ದು ಆಸ್ಟ್ರೇಲಿಯಾದ ಆ್ಯಂಡ್ರೂ ಟ್ರಿಜೆಲ್ ಮತ್ತು ಪಾಲ್ ಮೆಕೆರಸ್ 1996ರಲ್ಲಿ ಹೊರತಂದ ಆರ್‌ಸಿಂಕ್. ಹಳೆಯ ಪ್ರತಿ ಇರುವ ಯಂತ್ರ ಅದನ್ನು ಸಮಗಾತ್ರದ ತುಂಡುಗಳಾಗಿ ವಿಂಗಡಿಸಿ, ಪ್ರತಿ ತುಂಡಿಗೂ ಎರಡು ತಾಳೆಸಂಖ್ಯೆ ಲೆಕ್ಕಹಾಕಿ ಕಳಿಸುತ್ತದೆ. ಹೊಸ ಪ್ರತಿ ಇರುವ ಯಂತ್ರ ತನ್ನ ಫೈಲಿನ ಮೇಲೆ ಒಂದೊಂದೇ ಬೈಟ್ ಸರಿಯುತ್ತ ಹಗುರವಾದ ಸಂಖ್ಯೆಯನ್ನು ಹೋಲಿಸುತ್ತದೆ. ಅದು ಕೂಡಿಬಂದಾಗ ಮಾತ್ರ ಬಲವಾದ ಎರಡನೆಯ ಸಂಖ್ಯೆಯಿಂದ ಖಚಿತಪಡಿಸಿಕೊಂಡು, ಹೊಂದದ ಭಾಗವನ್ನಷ್ಟೇ ರವಾನಿಸುತ್ತದೆ. ಫೈಲಿನ ಆರಂಭದಲ್ಲಿ ಒಂದು ಸಾಲು ಸೇರಿದರೂ ಉಳಿದದ್ದನ್ನೆಲ್ಲ ಮತ್ತೆ ಕಳಿಸಬೇಕಿಲ್ಲ ಎಂಬುದು ಇದರ ಸೊಗಸು.

2006ರ ಮಾರ್ಚ್‌ನಲ್ಲಿ ಅಮೆಜಾನ್‌ನ ಕ್ಲೌಡ್ ಸಂಗ್ರಹಣಾ ಸೇವೆ ಎಸ್3, 2008ರಲ್ಲಿ ಸಿಂಕ್ ಸೇವೆ ಡ್ರಾಪ್‌ಬಾಕ್ಸ್ ಬಂದ ಮೇಲೆ ಎರಡೂ ವಂಶಗಳು ಒಂದೇ ಸೂರಿನಡಿ ಸೇರಿದವು. ತೊಡಕು ಶುರುವಾದದ್ದೂ ಅಲ್ಲೇ. ಲ್ಯಾಪ್‌ಟಾಪಿನಲ್ಲಿ ಫೋಲ್ಡರ್ ಅಳಿಸಿದರೆ ಸಿಂಕ್ ನಿಷ್ಠೆಯಿಂದ ಎಲ್ಲ ಸಾಧನಗಳಲ್ಲೂ ಅಳಿಸುತ್ತದೆ; ಬ್ಯಾಕಪ್ ಎಂದು ಅದನ್ನೇ ನಂಬಿದವರಿಗೆ ಏನೂ ಉಳಿಯುವುದಿಲ್ಲ. ಅಳಿಸಿದ್ದನ್ನು 30 ದಿನ ಇಟ್ಟುಕೊಳ್ಳುವ ನಿಯಮ, ಹಳೆಯ ಆವೃತ್ತಿಗಳನ್ನು ಕಾಯ್ದಿಡುವ ನಿಯಮ ಈ ವೈರುಧ್ಯಕ್ಕೆ ಕಂಡುಕೊಂಡ ರಾಜಿಸೂತ್ರಗಳು.

2011ರ ಫೆಬ್ರುವರಿ ಕೊನೆಯಲ್ಲಿ ಗೂಗಲ್ ತನ್ನ ಸಂಗ್ರಹಣಾ ತಂತ್ರಾಂಶವನ್ನು ನವೀಕರಿಸಿದಾಗ ನುಸುಳಿದ ದೋಷದಿಂದ ಸುಮಾರು ಶೇ 0.02ರಷ್ಟು ಜಿಮೇಲ್ ಬಳಕೆದಾರರ ಪತ್ರಗಳು ಕಾಣೆಯಾದವು. ಹಲವು ಡೇಟಾ ಕೇಂದ್ರಗಳಲ್ಲಿ ಪ್ರತಿಗಳಿದ್ದರೂ ದೋಷ ಅವನ್ನೂ ತಟ್ಟಿತ್ತು. ಅದರಿಂದ ಪಾರಾಗಿದ್ದದ್ದು ಜಾಲದ ಹೊರಗಿದ್ದ ಟೇಪು. ಪತ್ರಗಳನ್ನು ಅದರಿಂದಲೇ ಮರಳಿಸಲಾಯಿತು. ಫೈಲುಗಳನ್ನು ಗೂಢಲಿಪಿಗೆ ತಿರುಗಿಸಿ ಹಣ ಕೇಳುವ, 2017ರ ಮೇ ತಿಂಗಳ ವಾನಾಕ್ರೈ ದಾಳಿಯಂಥವು ಇನ್ನೊಂದು ಅಪಾಯ ತೋರಿಸಿದವು: ಗೂಢಲಿಪಿಗೆ ಸಿಕ್ಕಿ ಹಾಳಾದ ಫೈಲೂ ಸಿಂಕ್‌ನ ಕಣ್ಣಿಗೆ ಬರಿಯ ಬದಲಾದ ಫೈಲು. ನಿಗದಿತ ಅವಧಿಯವರೆಗೆ ಯಾರೂ ಅಳಿಸಲಾಗದಂತೆ ಪ್ರತಿಗೆ ಬೀಗ ಹಾಕುವ ಸೌಲಭ್ಯವನ್ನು ಎಸ್3 2018ರಲ್ಲಿ ಸೇರಿಸಿತು. ಅದೇ ವರ್ಷದ ಏಪ್ರಿಲ್‌ನಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ಪಾವತಿ ಮಾಹಿತಿಯನ್ನು ದೇಶದೊಳಗೇ ಸಂಗ್ರಹಿಸಬೇಕೆಂದು ಆದೇಶಿಸಿತು. ಪ್ರತಿ ಯಾವ ನೆಲದಲ್ಲಿರಬೇಕು ಎಂಬುದೂ ಹೀಗೆ ನೀತಿಯ ಭಾಗವಾಯಿತು.

ನಿಯಮ ಬರೆದಿಟ್ಟು ಮರೆತರೆ ಏನಾಗುತ್ತದೆ ಎಂಬುದಕ್ಕೆ ತಂತ್ರಾಂಶಗಳ ಕೋಡ್ ಇಡುವ ಗಿಟ್‌ಲ್ಯಾಬ್ ಸೇವೆಯ 2017ರ ಜನವರಿ 31ರ ಪ್ರಕರಣವಿದೆ. ಎಂಜಿನಿಯರೊಬ್ಬರು ಪ್ರತಿಕೃತಿ ಡೇಟಾಬೇಸನ್ನು ಸರಿಪಡಿಸಲು ಹೋಗಿ ಮುಖ್ಯ ಡೇಟಾಬೇಸನ್ನೇ ಅಳಿಸಿದರು. ಎಸ್3ಯಲ್ಲಿ ಬ್ಯಾಕಪ್ ಇರಬೇಕಾದ ಜಾಗ ಖಾಲಿಯಾಗಿತ್ತು. ತಂತ್ರಾಂಶದ ಆವೃತ್ತಿ ಹೊಂದದೆ ನಕಲು ವಿಫಲವಾಗುತ್ತಿತ್ತು, ಅದನ್ನು ತಿಳಿಸುವ ಎಚ್ಚರಿಕೆಯ ಇಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಬೇರೊಂದು ಕೆಲಸಕ್ಕೆಂದು ಸುಮಾರು ಆರು ಗಂಟೆ ಮೊದಲು ಕೈಯಾರೆ ತೆಗೆದಿಟ್ಟಿದ್ದ ಪ್ರತಿಯಿಂದ ಸೇವೆಯನ್ನು ಮತ್ತೆ ಆರಂಭಿಸಲಾಯಿತು. ನಡುವಿನ ಆ ಗಂಟೆಗಳ ಮಾಹಿತಿ ಮರಳಲಿಲ್ಲ.