ಪ್ರಶ್ನೆಗೂ ಮೊದಲ ಪ್ರಯತ್ನ

ಹೊಸ ತಿಪ್ಪಸಂದ್ರದ ನೆರೆಯ ಬಡಾವಣೆಗೆ ಸಿ.ವಿ. ರಾಮನ್ ಹೆಸರಿದೆ. ಕಡಲೇಕೆ ನೀಲಿ ಎಂದು ಅವರು 1921ರಲ್ಲಿ ಕೇಳಿದ್ದು ನಿಮಗೆ ಗೊತ್ತು. ಕೇಳಿದ ರೀತಿಯನ್ನೂ ಗಮನಿಸಿ. ಆಗಸದ ಪ್ರತಿಫಲನವೇ ಕಾರಣವೆಂಬ ರ‍್ಯಾಲೆಯವರ ವಿವರಣೆ ಅವರಿಗೆ ತಿಳಿದಿತ್ತು. ಹಡಗಿನಲ್ಲೇ ನಿಕೋಲ್ ಪಟ್ಟಕವನ್ನು ತಕ್ಕ ಕೋನದಲ್ಲಿ ಹಿಡಿದು ಪ್ರತಿಫಲಿತ ಬೆಳಕನ್ನು ತಡೆದರು. ನೀಲಿ ಅಳಿಯಲಿಲ್ಲ. ಹಾಗಾದರೆ ನೀರಿನ ಅಣುಗಳೇ ಬೆಳಕನ್ನು ಚದರಿಸುತ್ತವೆಯೆ? ಈ ಪ್ರಶ್ನೆಯ ಬೆನ್ನು ಹತ್ತಿದ ಸಂಶೋಧನೆ 1928ರ ರಾಮನ್ ಪರಿಣಾಮಕ್ಕೆ ದಾರಿಯಾಯಿತು.

ಇಂದು ಅಂತರಜಾಲದಲ್ಲಿ ನೆರವು ಬೇಡುವ ಅನೇಕರು ಲೆಕ್ಕವನ್ನು ಇಡಿಯಾಗಿ ಕಳಿಸಿ ‘ಬಿಡಿಸಿಕೊಡಿ’ ಎನ್ನುತ್ತಾರೆ. ತೊಡಕು ಎಲ್ಲೆಂದು ತಿಳಿಯದೆ, ಬಲ್ಲವರೂ ಬೇಸತ್ತು ಹಿಂದೆ ಸರಿಯುತ್ತಾರೆ. ಕೇಳುವ ಮುನ್ನ ಮೂರು ಸಾಲು ಬರೆಯಿರಿ: ತಿಳಿದಿರುವುದೇನು, ಮಾಡಿ ನೋಡಿದ್ದೇನು, ನಿಂತದ್ದೆಲ್ಲಿ? ಶಿಕ್ಷಕರೇ, ತರಗತಿಯಲ್ಲೂ ಇದನ್ನು ರೂಢಿಸಿ.