ದ ಸಿಮ್ಸ್ 2
ಬದುಕನ್ನೇ ಆಟವಾಗಿಸಿದ ‘ದ ಸಿಮ್ಸ್’ (2000) ವಿಡಿಯೊ ಗೇಮ್‌ನ ಉತ್ತರಭಾಗ. ಮ್ಯಾಕ್ಸಿಸ್ ರೂಪಿಸಿದ ಇದನ್ನು ಎಲೆಕ್ಟ್ರಾನಿಕ್ ಆರ್ಟ್ಸ್ 2004ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆ ಮಾಡಿತು. ಮೊದಲ ಆಟದಲ್ಲಿ ಮಕ್ಕಳು ಮಕ್ಕಳಾಗಿಯೇ ಉಳಿಯುತ್ತಿದ್ದರು, ದೊಡ್ಡವರಿಗೆ ವಯಸ್ಸಾಗುತ್ತಿರಲಿಲ್ಲ. ಇಲ್ಲಿ ಕಾಲ ನಿಲ್ಲುವುದಿಲ್ಲ: ಹಸುಗೂಸು ಅಂಬೆಗಾಲಿಟ್ಟು, ಶಾಲೆ ಕಲಿತು, ಹರೆಯ ದಾಟಿ, ಮುಪ್ಪಾಗಿ ಒಂದು ದಿನ ತೀರಿಕೊಳ್ಳುತ್ತದೆ. ತಂದೆತಾಯಿಯ ಮೂಗು, ಕಣ್ಣಿನ ಬಣ್ಣ, ಸ್ವಭಾವ ಮಕ್ಕಳಿಗೆ ಇಳಿದುಬರುತ್ತವೆ. ಹಲವು ತಲೆಮಾರು ಆಡಿದವರಿಗೆ ಮರಿಮಗಳ ಮುಖದಲ್ಲಿ ಮುತ್ತಜ್ಜಿ ಕಾಣುವುದುಂಟು. ಈ ಆಟದ ನಿಜವಾದ ಸಾಧನೆ ಇದೇ. ಪಾತ್ರಗಳಿಗೆ ಹಸಿವು ನಿದ್ದೆಗಳಾಚೆ ಜೀವನದ ಹಂಬಲ, ದಿನದಿನದ ಆಸೆ, ಭಯಗಳೂ ಸೇರಿದವು. ಮೊದಲ ಮುತ್ತು, ಆಪ್ತರ ಸಾವು ನೆನಪಾಗಿ ದಾಖಲಾಗುತ್ತವೆ. ಪೂರ್ಣ ಮೂರು ಆಯಾಮದ ಚಿತ್ರಣದಿಂದ ಮನೆಯನ್ನು ಎಲ್ಲ ದಿಕ್ಕಿನಿಂದ ನೋಡಬಹುದು.