ಒಮ್ಮೆ ಸಿಕ್ಕ ಉತ್ತರದ ಚರಿತ್ರೆ

ಒಂದು ಸಂಸ್ಥೆಯ ಬೇರೆಬೇರೆ ಗಣಕ ವ್ಯವಸ್ಥೆಗಳ ನಡುವೆ ನಿಂತು, ಒಂದರ ಸಂದೇಶವನ್ನು ಇನ್ನೊಂದಕ್ಕೆ ತಿಳಿಯುವ ರೂಪಕ್ಕೆ ಬದಲಿಸಿ ದಾಟಿಸುವ ತಂತ್ರಾಂಶವನ್ನು ಮಿಡಲ್‌ವೇರ್ ಎಂದೂ, ಆ ರೂಪಾಂತರದ ನಿಯಮಗಳ ಕಟ್ಟನ್ನು ಮ್ಯಾಪಿಂಗ್ ಎಂದೂ ಕರೆಯುತ್ತಾರೆ. ಸಂದೇಶದಲ್ಲಿ ಗ್ರಾಹಕ ಸಂಖ್ಯೆಯಿದ್ದು ಅವನ ತೆರಿಗೆ ವರ್ಗ ಇಲ್ಲದಿದ್ದರೆ, ಮ್ಯಾಪಿಂಗ್ ನಡುವೆಯೇ ತಡೆದು ಬೇರೊಂದು ಡೇಟಾಬೇಸನ್ನೋ ಸರ್ವರನ್ನೋ ಕೇಳಿ ಉತ್ತರ ತರುತ್ತದೆ, ಇದೇ ಲುಕಪ್. ಹೀಗೆ ತಂದ ಉತ್ತರವನ್ನು ಹ್ಯಾಶ್ ಟೇಬಲ್ ಎಂಬ ಕೋಷ್ಟಕದಲ್ಲಿ ಇಟ್ಟುಕೊಂಡು, ಅದೇ ಪ್ರಶ್ನೆ ಮತ್ತೆ ಬಂದಾಗ ಅಲ್ಲಿಂದಲೇ ತೆಗೆದುಕೊಡುವುದು ಈ ಕಸುಬಿನ ಹಳೆಯ ರೂಢಿ. ಇದು ಜಾವಾ ಕಾಲದ ಉಪಾಯದಂತೆ ಕಂಡರೂ, ಇದರ ಎರಡು ಅಂಗಗಳು, ಅಂದರೆ ಕೀಲಿಯಿಂದಲೇ ಜಾಗವನ್ನು ಲೆಕ್ಕಹಾಕುವ ಕೋಷ್ಟಕವೂ ಮಾಡಿದ ಕೆಲಸವನ್ನು ಮತ್ತೆ ಮಾಡದಿರುವ ಎಚ್ಚರವೂ, 1950ರ ದಶಕದಲ್ಲಿಯೇ ಒಂದಾಗಿದ್ದವು.

ಕೋಷ್ಟಕದ ಕಲ್ಪನೆ ಮೊದಲು ಕಾಣಿಸುವುದು 1953ರ ಜನವರಿಯಲ್ಲಿ, ಐಬಿಎಂನ ಹಾನ್ಸ್ ಪೀಟರ್ ಲೂನ್ ಬರೆದ ಆಂತರಿಕ ಟಿಪ್ಪಣಿಯಲ್ಲಿ. ಹುಡುಕಬೇಕಾದ ಕೀಲಿಯ ಮೇಲೆ ಸಣ್ಣ ಲೆಕ್ಕವೊಂದನ್ನು ನಡೆಸಿ, ಬಂದ ಸಂಖ್ಯೆಯ ಗೂಡಿನಲ್ಲಿ ಅದನ್ನು ಇರಿಸುವುದು, ಒಂದೇ ಗೂಡಿಗೆ ಹಲವು ಕೀಲಿಗಳು ಬಂದರೆ ಅವನ್ನು ಸರಪಳಿಯಾಗಿ ಜೋಡಿಸುವುದು ಅವನ ಸಲಹೆಯಾಗಿತ್ತು. ಮರುವರ್ಷ ಅದೇ ಕಂಪನಿಯ ಜೀನ್ ಆಮ್ಡಾಲ್, ಇಲೇನ್ ಮೆಗ್ರಾ, ಆರ್ಥರ್ ಸ್ಯಾಮ್ಯುಯೆಲ್ ಮೊದಲಾದವರು ಐಬಿಎಂ 701 ಯಂತ್ರದ ಅಸೆಂಬ್ಲರ್ ಬರೆಯುವಾಗ, ಗೂಡು ತುಂಬಿದ್ದರೆ ಪಕ್ಕದ ಖಾಲಿ ಗೂಡನ್ನು ಹಿಡಿಯುವ ಇನ್ನೊಂದು ದಾರಿಯನ್ನು ಕಂಡುಕೊಂಡರು. 1956ರಲ್ಲಿ ಆರ್ನಾಲ್ಡ್ ಡ್ಯೂಮಿ ಪ್ರಕಟಿಸಿದ ಲೇಖನ, ಕೀಲಿಯನ್ನು ಅವಿಭಾಜ್ಯ ಸಂಖ್ಯೆಯೊಂದರಿಂದ ಭಾಗಿಸಿ ಉಳಿದ ಶೇಷವನ್ನೇ ವಿಳಾಸವಾಗಿ ಬಳಸುವ ಕ್ರಮವನ್ನು ಸಾರ್ವಜನಿಕರ ಮುಂದಿಟ್ಟಿತು.

ಆದರೆ ಮಿಡಲ್‌ವೇರ್ ಮ್ಯಾಪಿಂಗಿನ ನಿಜವಾದ ಪೂರ್ವಜನನ್ನು ಮಾಸ್ಕೋದಲ್ಲಿ ಹುಡುಕಬೇಕು. ಅಲ್ಲಿ ಬೆಸ್ಮ್ ಯಂತ್ರಕ್ಕಾಗಿ ಪ್ರೋಗ್ರಾಮ್ ಬರೆಯುವ ಪ್ರೋಗ್ರಾಮನ್ನು ರಚಿಸುತ್ತಿದ್ದ ಆಂದ್ರೆಯ್ ಯೆರ್ಶೋವ್, ಅಮೆರಿಕದ ಕೆಲಸದ ಹಂಗಿಲ್ಲದೆ ಪಕ್ಕದ ಖಾಲಿ ಗೂಡನ್ನು ಹಿಡಿಯುವ ವಿಧಾನವನ್ನು 1957ರ ಸುಮಾರಿಗೆ ತಾನೇ ಕಂಡುಕೊಂಡನು. ಅವನ ಲೇಖನದ ಇಂಗ್ಲಿಷ್ ಅನುವಾದ 1958ರಲ್ಲಿ ಹೊರಬಂತು. ಅವನ ಉದ್ದೇಶ ಹೆಸರುಗಳ ಪಟ್ಟಿಯಲ್ಲಿ ಹುಡುಕುವುದಾಗಿರಲಿಲ್ಲ. ಒಂದು ಸೂತ್ರದಲ್ಲಿ 'ಅ ಕೂಡಿಸು ಬ' ಎಂಬ ಭಾಗ ಎರಡು ಸಲ ಬಂದರೆ, ಆ ಕ್ರಿಯೆ ಮತ್ತು ಅದರ ಎರಡು ಪದಗಳಿಂದ ಒಂದು ಸಂಖ್ಯೆಯನ್ನು ಪಡೆದು, ಕೋಷ್ಟಕದ ಆ ಜಾಗವನ್ನು ನೋಡಿ, ಅಲ್ಲಿ ಅದೇ ಕ್ರಿಯೆ ಮೊದಲೇ ದಾಖಲಾಗಿದ್ದರೆ ಹಳೆಯ ಫಲಿತಾಂಶವನ್ನೇ ಬಳಸುವಂತೆ ಅವನು ಏರ್ಪಡಿಸಿದ್ದನು. ಪ್ರಶ್ನೆಯೇ ಕೀಲಿ, ಉತ್ತರವೇ ಅದರ ಮೌಲ್ಯ ಎಂಬ ಈ ರಚನೆಯನ್ನು ಇಂದಿನ ಮ್ಯಾಪಿಂಗ್ ಕೂಡ ಹಾಗೆಯೇ ಅನುಸರಿಸುತ್ತದೆ. ಹ್ಯಾಶ್ ಟೇಬಲಿನ ಚರಿತ್ರೆಯನ್ನು ಬರೆಯುವವರು ಯೆರ್ಶೋವನಿಗೆ ಒಂದು ಸಾಲಿಗಿಂತ ಹೆಚ್ಚಿನ ಜಾಗ ಕೊಡಬೇಕು. ಮುಂದೆ 1968ರಲ್ಲಿ ಎಡಿನ್‌ಬರೋದ ಡೊನಾಲ್ಡ್ ಮಿಕಿ, ಯಾವುದೇ ಗಣಿತ ಕ್ರಿಯೆ ತನ್ನ ಹಿಂದಿನ ಉತ್ತರಗಳನ್ನು ನೆನಪಿಟ್ಟುಕೊಳ್ಳಬಹುದೆಂದು 'ನೇಚರ್' ಪತ್ರಿಕೆಯಲ್ಲಿ ವಾದಿಸಿ, ಈ ಎಚ್ಚರವನ್ನು ಒಂದು ಸಾಮಾನ್ಯ ತತ್ತ್ವದ ಮಟ್ಟಕ್ಕೆ ಏರಿಸಿದನು.

1996ರಲ್ಲಿ ಬಂದ ಜಾವಾ ಭಾಷೆಯ ಮೊದಲ ಆವೃತ್ತಿಯಲ್ಲೇ ಹ್ಯಾಶ್‌ಟೇಬಲ್ ಸಿದ್ಧ ರೂಪದಲ್ಲಿತ್ತು. ಬೇರೆ ಸೂಚನೆ ಕೊಡದಿದ್ದರೆ ಈಗಿನ ಆವೃತ್ತಿಗಳಲ್ಲಿ ಅದು 11 ಗೂಡುಗಳಿಂದ ಆರಂಭವಾಗುತ್ತದೆ, ಮುಕ್ಕಾಲು ಪಾಲು ತುಂಬಿದಾಗ ಹಿಗ್ಗುತ್ತದೆ. 11 ಅವಿಭಾಜ್ಯ ಸಂಖ್ಯೆಯಾಗಿರುವುದರಲ್ಲಿ ಡ್ಯೂಮಿಯ ಜಾಡು ಸ್ಪಷ್ಟವಾಗಿದೆ. ಅಕ್ಷರಗಳ ಕೀಲಿಯಾದರೆ, ಮೊದಲ ಅಕ್ಷರದ ಸಂಕೇತವನ್ನು 31ರಿಂದ ಗುಣಿಸಿ ಮುಂದಿನದನ್ನು ಕೂಡಿಸುತ್ತ ಹೋಗುತ್ತಾರೆ. ದೊಡ್ಡ 'ಎ', ಸಣ್ಣ 'ಎ' ಸೇರಿದ ರೋಮನ್ ಪದಕ್ಕೆ 65ನ್ನು 31ರಿಂದ ಗುಣಿಸಿ 97 ಕೂಡಿಸಿದರೆ 2112 ಬರುತ್ತದೆ. ಎರಡು ದೊಡ್ಡ 'ಬಿ'ಗಳಿಗೆ 66ನ್ನು 31ರಿಂದ ಗುಣಿಸಿ 66 ಕೂಡಿಸಿದರೂ ಬರುವುದು 2112. 11ರಿಂದ ಭಾಗಿಸಿದರೆ ಶೇಷ ಸೊನ್ನೆ, ಆದ್ದರಿಂದ ಎರಡೂ ಮೊದಲ ಗೂಡಿಗೇ ಹೋಗಿ ಲೂನ್ ಹೇಳಿದ ಸರಪಳಿಯಲ್ಲಿ ಸೇರಿಕೊಳ್ಳುತ್ತವೆ.

ಜರ್ಮನಿಯ ವಾಲ್ಡಾರ್ಫಿನ ಎಸ್‌ಎಪಿ ಸಂಸ್ಥೆ 2000ದ ದಶಕದ ಆರಂಭದಲ್ಲಿ ಎಕ್ಸ್‌ಚೇಂಜ್ ಇನ್‌ಫ್ರಾಸ್ಟ್ರಕ್ಚರ್, ಅಂದರೆ ಎಕ್ಸ್‌ಐ ಎಂಬ ಮಿಡಲ್‌ವೇರನ್ನು ಹೊರತಂದಾಗ, ಚಿತ್ರರೂಪದ ಮ್ಯಾಪಿಂಗಿನೊಳಗೆ ಬಳಕೆದಾರರೇ ಜಾವಾದಲ್ಲಿ ಸಣ್ಣ ಫಂಕ್ಷನ್‌ಗಳನ್ನು ಬರೆದು ಸೇರಿಸಲು ಅವಕಾಶ ಕೊಟ್ಟಿತು. ಈ ಫಂಕ್ಷನ್‌ಗಳಿಗೆ ಕಸುಬಿನವರು ಯುಡಿಎಫ್ ಎನ್ನುತ್ತಾರೆ. ಎಸ್‌ಎಪಿ ಲ್ಯಾಬ್ಸ್ 1998ರಲ್ಲೇ ಬೆಂಗಳೂರಿಗೆ ಬಂದಿದ್ದು, ಅಲ್ಲಿನ ಸಾಫ್ಟ್‌ವೇರ್ ಸೇವಾ ಕಂಪನಿಗಳೂ ಈ ಕೆಲಸವನ್ನು ಕೈಗೆತ್ತಿಕೊಂಡುದರಿಂದ, ಯುಡಿಎಫ್ ಬರೆಯುವುದು ಕರ್ನಾಟಕದ ಎಂಜಿನಿಯರುಗಳಿಗೂ ದಿನನಿತ್ಯದ ಕೆಲಸವಾಯಿತು. 2,000 ಸಾಲುಗಳ ಆದೇಶವೊಂದರ ಪ್ರತಿ ಸಾಲಿಗೂ ಉಗ್ರಾಣದ ಸಂಕೇತವನ್ನು ಹುಡುಕಬೇಕಾಗಿದ್ದು, ಪ್ರತಿ ಲುಕಪ್‌ಗೆ 50 ಮಿಲಿಸೆಕೆಂಡ್ ಹಿಡಿಯುತ್ತದೆಂದು ಎಣಿಸಿದರೆ, ಒಂದೇ ಸಂದೇಶಕ್ಕೆ 100 ಸೆಕೆಂಡ್ ಬೇಕು. ಅಷ್ಟು ಸಾಲುಗಳಲ್ಲಿ ಬರುವ ಉಗ್ರಾಣಗಳು 40 ಮಾತ್ರವಾಗಿದ್ದರೆ, ಹ್ಯಾಶ್‌ಟೇಬಲ್ ಇಟ್ಟುಕೊಂಡ ಮ್ಯಾಪಿಂಗ್ 2 ಸೆಕೆಂಡಿನಲ್ಲಿ ಲುಕಪ್‌ಗಳನ್ನು ಮುಗಿಸುತ್ತದೆ, ಎದುರಿನ ಡೇಟಾಬೇಸಿನ ಮೇಲಿನ ಹೊರೆಯೂ ಅಷ್ಟೇ ಪ್ರಮಾಣದಲ್ಲಿ ಇಳಿಯುತ್ತದೆ.

ಕೋಷ್ಟಕವನ್ನು ಎಲ್ಲಿ ಇಡಬೇಕು ಎಂಬುದೇ ಈ ರೂಢಿಯ ಅತ್ಯಂತ ಕಠಿಣ ಪ್ರಶ್ನೆ. ಎಕ್ಸ್‌ಐ ಒದಗಿಸಿದ ಗ್ಲೋಬಲ್ ಕಂಟೇನರ್ ಎಂಬ ಸಂಗ್ರಹದಲ್ಲಿ ಇಟ್ಟರೆ ಕೋಷ್ಟಕ ಆ ಒಂದು ಮ್ಯಾಪಿಂಗ್ ನಡೆಯುವಷ್ಟು ಕಾಲ ಬದುಕಿ, ಸಂದೇಶದೊಡನೆ ಅಳಿಯುತ್ತದೆ. ಜಾವಾದ ಸ್ಟ್ಯಾಟಿಕ್ ಚರಾಂಶದಲ್ಲಿ ಇಟ್ಟರೆ ಒಂದು ಸಂದೇಶದ ಉತ್ತರ ಮುಂದಿನ ಸಾವಿರ ಸಂದೇಶಗಳಿಗೂ ಒದಗುತ್ತದೆ, ಆದರೆ ಬೆಳಿಗ್ಗೆ ಮೂಲ ಡೇಟಾಬೇಸಿನಲ್ಲಿ ತೆರಿಗೆ ವರ್ಗ ಬದಲಾದರೂ ಸಂಜೆಯ ಸಂದೇಶ ಹಳೆಯ ವರ್ಗವನ್ನೇ ಹೊತ್ತು ಹೋಗುತ್ತದೆ; ಸರ್ವರ್ ನೋಡ್‌ಗಳು ಹಲವಿದ್ದರೆ ಒಂದೊಂದರಲ್ಲಿ ಒಂದೊಂದು ಉತ್ತರ ಉಳಿಯುವುದೂ ಉಂಟು. ನಿಧಾನವಾದರೂ ಸರಿಯಾದ ಸಂದೇಶವು ವೇಗವಾದ ತಪ್ಪು ಸಂದೇಶಕ್ಕಿಂತ ಮೇಲಾದುದರಿಂದ, ದಿನದಲ್ಲಿ ಬದಲಾಗಬಹುದಾದ ಮಾಹಿತಿಗೆ ಒಂದೇ ಸಂದೇಶದ ಆಯುಷ್ಯವನ್ನು ಕೊಡುವುದೇ ನ್ಯಾಯ. ಇಲ್ಲಿ ಇನ್ನೊಂದು ಸೂಕ್ಷ್ಮವೂ ಇದೆ. ಹ್ಯಾಶ್‌ಟೇಬಲ್ ಶೂನ್ಯ ಮೌಲ್ಯವನ್ನು, ಅಂದರೆ ನಲ್ ಅನ್ನು, ಒಪ್ಪದೆ ಮ್ಯಾಪಿಂಗನ್ನೇ ನಿಲ್ಲಿಸುತ್ತದೆ. ಅದನ್ನು ತಪ್ಪಿಸಲು ಸಿಗದ ಉತ್ತರವನ್ನು ದಾಖಲಿಸದೆ ಬಿಟ್ಟರೆ, ಇಲ್ಲದ ಗ್ರಾಹಕನ ಬಗ್ಗೆ ಪ್ರತಿ ಸಾಲಿಗೂ ಮತ್ತೆ ಲುಕಪ್ ನಡೆಯುತ್ತದೆ. ಹಾಗಾಗಿ 'ಇಲ್ಲ' ಎಂಬ ಉತ್ತರಕ್ಕೂ ಖಾಲಿ ಪದದಂತಹ ಗುರುತೊಂದನ್ನು ಗೊತ್ತುಮಾಡಿ ಕೋಷ್ಟಕದಲ್ಲಿ ಬರೆದಿಡಬೇಕಾಗುತ್ತದೆ. 1998ರ ಜಾವಾ 1.2ರೊಂದಿಗೆ ಬಂದ ಹ್ಯಾಶ್‌ಮ್ಯಾಪ್ ನಲ್ ಅನ್ನು ಒಪ್ಪಿದರೂ, ಕೀಲಿ ಇಲ್ಲದಿರುವುದಕ್ಕೂ ಅದರ ಮೌಲ್ಯ ನಲ್ ಆಗಿರುವುದಕ್ಕೂ ಇರುವ ವ್ಯತ್ಯಾಸವನ್ನು ಬರೆಯುವವನೇ ಕೇಳಿ ತಿಳಿಯಬೇಕು.

ಮ್ಯಾಪಿಂಗ್‌ಗಳು ಕ್ಲೌಡಿಗೆ ಸಾಗುತ್ತ ಯುಡಿಎಫ್‌ಗಳ ಜೊತೆಗೆ ಗ್ರೂವಿ ಭಾಷೆಯ ಸ್ಕ್ರಿಪ್ಟ್‌ಗಳೂ ಬಳಕೆಗೆ ಬಂದಿವೆ. ಗ್ರೂವಿ ಜಾವಾ ವೇದಿಕೆಯ ಮೇಲೆಯೇ ನಿಂತಿರುವುದರಿಂದ ಕೋಷ್ಟಕದ ಒಳರಚನೆ ಹೆಚ್ಚೇನೂ ಬದಲಾಗಿಲ್ಲ. ಆದರೆ ಸಂಸ್ಥೆಯ ಡೇಟಾಬೇಸ್ ಈಗ ಪಕ್ಕದ ಕೋಣೆಯಲ್ಲಿಲ್ಲದೆ ಇಂಟರ್‌ನೆಟ್ಟಿನ ಆಚೆಗೆ ಇರುವುದರಿಂದ ಒಂದೊಂದು ಲುಕಪ್‌ನ ಬೆಲೆ ಏರಿದೆ. ಸಂದೇಶದ ಎಲ್ಲ ಕೀಲಿಗಳನ್ನೂ ಮೊದಲೇ ಓದಿ, ಪುನರಾವರ್ತನೆಗಳನ್ನು ಕಳೆದು, ಒಂದೇ ಕೋರಿಕೆಯಲ್ಲಿ ಎಲ್ಲ ಉತ್ತರಗಳನ್ನೂ ತರಿಸಿ ಕೋಷ್ಟಕವನ್ನು ತುಂಬಿಸಿದ ಮೇಲೆಯೇ ಸಾಲುಗಳ ರೂಪಾಂತರಕ್ಕೆ ಕೈಹಾಕುವ ಕ್ರಮಕ್ಕೆ ಅಲ್ಲಿ ಹೆಚ್ಚಿನ ಮಹತ್ತ್ವ ಬಂದಿದೆ.